ದಿನ ತಿಳಿಸುವ ಕಾರ್ಡು: ಹಿತ್ತಲಿನಿಂದ ಗೊಬ್ಬರಗುಂಡಿಯವರೆಗೆ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಮಲೆನಾಡಿನಲ್ಲಿ ಮದುವೆಯ ಕರೆ ಕಾಗದದಿಂದ ಆರಂಭವಾದದ್ದಲ್ಲ. ಮನೆಯ ಹಿರಿಯರು ಊರೂರು ನಡೆದು, ಜಗಲಿಯಲ್ಲಿ ಕುಳಿತು, ಬೆಲ್ಲ-ನೀರು ಕುಡಿದು, ವೀಳ್ಯವನ್ನೋ ಅಕ್ಷತೆಯನ್ನೋ ಕೊಟ್ಟು "ಮನೆಮಂದಿಯೆಲ್ಲ ಬರಬೇಕು" ಎಂದು ಹೇಳಿ ಬರುತ್ತಿದ್ದರು. ಅನಂತರ ಮುದ್ರಿತ ಲಗ್ನಪತ್ರಿಕೆ ಬಂದಿತು. ಈಗ ಅದಕ್ಕೂ ಮೊದಲು, ಮದುವೆಗೆ ಮೂರು-ನಾಲ್ಕು ತಿಂಗಳಿರುವಾಗಲೇ, ದಿನಾಂಕವನ್ನಷ್ಟೇ ತಿಳಿಸುವ 'ಸೇವ್ ದ ಡೇಟ್' ಕಾರ್ಡು ಬಂದಿದೆ. ಬೆಂಗಳೂರಿನಲ್ಲೋ ಹೊರದೇಶದಲ್ಲೋ ಉದ್ಯೋಗದಲ್ಲಿರುವ ಮಕ್ಕಳು ರಜೆ ಪಡೆಯಬೇಕು, ಟಿಕೆಟು ಕಾದಿರಿಸಬೇಕು. ಆದ್ದರಿಂದ ಈ ಮುಂಚಿತ ಸೂಚನೆಯನ್ನು ಬರಿಯ ಬೆಡಗೆಂದು ತಳ್ಳಿಹಾಕುವಂತಿಲ್ಲ. ಆದರೆ ಅದನ್ನು ಯಾವುದರ ಮೇಲೆ ಬರೆಯಬೇಕು, ಓದಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಯೋಚಿಸಲೇಬೇಕಾಗಿದೆ.

ಪೇಟೆಯಲ್ಲಿ ದೊರೆಯುವ ಹೊಳಪಿನ ಕಾರ್ಡು ನೋಡಲು ಕಾಗದವಾದರೂ ಪೂರ್ಣವಾಗಿ ಕಾಗದವಲ್ಲ. ಮೇಲಿನ ನುಣುಪು ಬಹುಪಾಲು ತೆಳುವಾದ ಪ್ಲಾಸ್ಟಿಕ್ ಹಾಳೆ. ಮಿನುಗುವ ಪುಡಿ ಲೋಹದ ಲೇಪವಿರುವ ಪ್ಲಾಸ್ಟಿಕ್ ಚೂರು. ಬಂಗಾರದ ಅಕ್ಷರಗಳಲ್ಲಿರುವುದು ಸಾಮಾನ್ಯವಾಗಿ ಅಲ್ಯೂಮಿನಿಯಮ್. ಒಂದಕ್ಕೊಂದು ಅಂಟಿದ ಇವುಗಳನ್ನು ಬೇರ್ಪಡಿಸುವುದು ಕಷ್ಟವಾದ್ದರಿಂದ ರದ್ದಿ ಕಾಗದದವರಿಗೂ ಅದು ಬೇಡದ ವಸ್ತು. ಆಮಂತ್ರಣ ಪತ್ರಿಕೆಗೆ ಸುತ್ತುವ ಪ್ಲಾಸ್ಟಿಕ್ ಹಾಳೆಯನ್ನು ಕೇಂದ್ರ ಸರ್ಕಾರವು 2022ರ ಜುಲೈ 1ರಿಂದ ನಿಷೇಧಿಸಿದೆ. ಆದರೆ ಆ ನಿಷೇಧ ಮೇಲಿನ ಸುತ್ತುಹಾಳೆಗೆ ಸಂಬಂಧಿಸಿದ್ದು. ಕಾರ್ಡಿನ ಮೈಗೇ ಅಂಟಿಕೊಂಡ ಪ್ಲಾಸ್ಟಿಕ್ ಮನೆಯೊಳಗೆ ಬರುತ್ತಲೇ ಇದೆ.

ಬಂದದ್ದು ಹೋಗುವುದೆಲ್ಲಿಗೆ? ಕಸದ ಗಾಡಿ ಬಾರದ ಒಂಟಿಮನೆಗಳಲ್ಲಿ ಕಾಗದವೆಲ್ಲ ಬಚ್ಚಲ ಒಲೆಗೆ ಸೇರುತ್ತದೆ. ಒಲೆಯ ಬೂದಿ ಬಸಳೆ ಚಪ್ಪರದ ಬುಡಕ್ಕೆ, ತೆಂಗಿನ ಬುಡಕ್ಕೆ, ಗೊಬ್ಬರಗುಂಡಿಗೆ ಹೋಗುತ್ತದೆ. ಹಂಡೆ ಕಾಯಿಸುವ ಹೆಂಗಸರ ಉಸಿರಿಗೆ ಪ್ಲಾಸ್ಟಿಕ್ ಹೊಗೆ, ತರಕಾರಿ ಪಾತಿಗೆ ಲೋಹದ ಚೂರು: ಒಂದು ಶುಭ ಸಮಾಚಾರದ ಕೊನೆ ಹೀಗಾಗಬಾರದು. ಗೊಬ್ಬರಗುಂಡಿಗೆ ಧೈರ್ಯದಿಂದ ಹಾಕಬಹುದಾದ ಕಾರ್ಡನ್ನು ಮನೆಯಲ್ಲೇ ಮಾಡಬೇಕೆಂಬ ಮಾತು ಹುಟ್ಟುವುದು ಇಲ್ಲಿಂದ.

ಮೊದಲು ಲೆಕ್ಕ ಹಾಕಬೇಕು. ಕರೆಯುವವರು ಐದುನೂರು ಮಂದಿಯಾದರೂ ಮನೆಗೊಂದು ಕಾರ್ಡು ಸಾಕು. ದೂರವಾಣಿಯಲ್ಲಿ ತಿಳಿಸಬಹುದಾದವರಿಗೆ ಅದೂ ಬೇಡ. ನೂರು ಕಾರ್ಡು ಬೇಕೆಂದುಕೊಳ್ಳೋಣ. ಅಂಚೆ ಕಾರ್ಡಿನ ಅಳತೆ 14 × 9 ಸೆಂಟಿಮೀಟರ್. ಎ-4 ಅಳತೆಯ ಒಂದು ಹಾಳೆಯಲ್ಲಿ ಇಂಥ ನಾಲ್ಕು ಕಾರ್ಡುಗಳಾಗುತ್ತವೆ. ನೂರಕ್ಕೆ 25 ಹಾಳೆ. ಹಾಳುಬೀಳುವುದನ್ನು ಸೇರಿಸಿದರೂ ಅರ್ಧ ಕಿಲೋ ರದ್ದಿ ಕಾಗದ ಸಾಕು. ದಿನಕ್ಕೆ ಐದು ಹಾಳೆ ಎತ್ತಿದರೆ ಐದು ದಿನದ ಕೆಲಸ.

ಮಕ್ಕಳ ಹಳೆಯ ನೋಟ್‌ಪುಸ್ತಕದ ಹಾಳೆಗಳನ್ನು ಪಿನ್ನು ತೆಗೆದು, ಚೂರು ಮಾಡಿ, ರಾತ್ರಿಯಿಡೀ ನೆನೆಹಾಕಬೇಕು. ಬೆಳಿಗ್ಗೆ ಒರಳಿನಲ್ಲೋ ಹಳೆಯ ಮಿಕ್ಸಿಯಲ್ಲೋ ರುಬ್ಬಿ ಅಗಲ ಬಾಯಿಯ ಟಬ್ಬಿನ ನೀರಿಗೆ ಕದಡಬೇಕು. ಮರದ ಚೌಕಟ್ಟಿಗೆ ಸೊಳ್ಳೆ ಜಾಲರಿಯನ್ನು ಬಿಗಿಯಾಗಿ ಹೊಡೆದು, ಅದನ್ನು ನೀರಿನೊಳಗೆ ಓರೆಯಾಗಿ ಇಳಿಸಿ ಸಮನಾಗಿ ಎತ್ತಿದರೆ ತಿರುಳು ಜಾಲರಿಯ ಮೇಲೆ ಹರಡಿ ನಿಲ್ಲುತ್ತದೆ. ನೀರು ಬಸಿದ ಮೇಲೆ ಹಳೆಯ ಪಂಚೆಯ ತುಂಡಿನ ಮೇಲೆ ಮಗುಚಬೇಕು. ಹೀಗೆ ಬಟ್ಟೆ, ಹಾಳೆ, ಬಟ್ಟೆ ಎಂದು ಅಡುಕಿ, ಹಲಗೆಯಿಟ್ಟು ಮೇಲೆ ಕಲ್ಲು ಹೇರಿ, ಮರುದಿನ ಒಂದೊಂದನ್ನೂ ಬಿಡಿಸಿ ಒಣಗಿಸಬೇಕು. ಒಣಗಿದ ಹಾಳೆಗೆ ತೆಳುವಾದ ಅಕ್ಕಿಗಂಜಿ ಸವರಿ ಮತ್ತೆ ಒಣಗಿಸಿದರೆ ಶಾಯಿ ಹರಡುವುದಿಲ್ಲ. ಗಂಜಿ ಅತಿಯಾದರೆ ಬೆಳ್ಳಿಹುಳಕ್ಕೆ ಊಟವಾಗುತ್ತದೆ.

ಕಾಗದಕ್ಕೆ ಬಲ ಬೇಕಾದರೆ ಬಾಳೆಯ ನಾರು ಸೇರಿಸಬಹುದು. ಗೊನೆ ಕಡಿದ ಮೇಲೆ ಉರುಳಿಸುವ ದಿಂಡಿನ ಹೊರಪಟ್ಟೆಗಳನ್ನು ಎರಡು-ಮೂರು ಸೆಂಟಿಮೀಟರ್ ಉದ್ದಕ್ಕೆ ಕೊಚ್ಚಿ, ಬೂದಿಯ ತಿಳಿನೀರಿನಲ್ಲಿ ಬೆರಳಿಗೆ ಬಿಡಿಬಿಡಿಯಾಗುವವರೆಗೆ ಬೇಯಿಸಿ, ಚೆನ್ನಾಗಿ ತೊಳೆದು ಜಜ್ಜಬೇಕು. ಕ್ಷಾರವು ಅಲ್ಯೂಮಿನಿಯಮನ್ನು ತಿನ್ನುವುದರಿಂದ ಅಲ್ಯೂಮಿನಿಯಮ್ ಪಾತ್ರೆ ಬಳಸಬಾರದು. ಬೆಂದ ನೀರನ್ನು ಹಳ್ಳಕ್ಕೆ ಚೆಲ್ಲದೆ, ನೀರು ಬೆರೆಸಿ ತೆಳುವಾಗಿಸಿ ಗೊಬ್ಬರಗುಂಡಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕು.

ಇಷ್ಟು ಶ್ರಮವೂ ಬೇಡವೆಂದರೆ ತೋಟದಲ್ಲಿ ಉದುರಿದ ಅಡಿಕೆ ಹಾಳೆಯಿದೆ. ಬೂಸ್ಟು ಹಿಡಿಯದ ಬೇಸಿಗೆಯ ಹಾಳೆಯನ್ನು ಆರಿಸಿ, ನೀರಿನಲ್ಲಿ ನೆನೆಸಿ ಮೆದುವಾದಾಗ ಕತ್ತರಿಸಿ, ಎರಡು ಹಲಗೆಗಳ ನಡುವೆ ಭಾರವಿಟ್ಟು ಪೂರ್ತಿ ಒಣಗಿಸಬೇಕು, ಇಲ್ಲವಾದರೆ ಸುರುಳಿಯಾಗುತ್ತದೆ. ದಪ್ಪವಾದ ಈ ಕಾರ್ಡು ಅಂಚೆಗಿಂತಲೂ ಕೈಯಾರೆ ಕೊಡುವ ಮನೆಗಳಿಗೆ ಒಪ್ಪುತ್ತದೆ.

ಅಲಂಕಾರದ ಪಾಠವೂ ನೆಲದಲ್ಲಿಯೇ ಇದೆ. ಸಾಗರ, ಸೊರಬ ಸೀಮೆಯ ದೀವರ ಹೆಣ್ಣುಮಕ್ಕಳು ಮದುವೆಯ ಮನೆಯ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣಿನ ಹಿನ್ನೆಲೆ, ಅಕ್ಕಿಹಿಟ್ಟಿನ ಬಿಳುಪು, ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಕುಂಚವೋ ಪುಂಡಿನಾರಿನದು. ಅದೇ ಬಣ್ಣಗಳನ್ನು ಗಂಜಿಯಲ್ಲಿ ಕಲಸಿ ಕಾರ್ಡಿನ ಅಂಚಿಗೆ ಎಳೆಯಬಹುದು. ಆದರೆ ಚಿತ್ತಾರವನ್ನು ಪುಸ್ತಕ ನೋಡಿ ನಕಲು ಮಾಡುವುದಕ್ಕಿಂತ, ಬಲ್ಲ ಹೆಂಗಸರನ್ನು ಕರೆದು, ಅವರಿಂದಲೇ ಬರೆಸಿ, ದುಡಿಮೆಗೆ ತಕ್ಕ ಹಣ ಕೊಡುವುದು ನ್ಯಾಯ.

'ನೈಸರ್ಗಿಕ' ಎಂಬ ಹೆಸರಿನಲ್ಲಿ ನಡೆಯಬಹುದಾದ ತಪ್ಪುಗಳೂ ಇವೆ. ಕಾಡಿನ ಮರದ ತೊಗಟೆ ಸುಲಿಯುವುದು, ಸೀತಾಳೆ ದಂಡೆ ಕಿತ್ತು ಒಣಗಿಸಿ ಅಂಟಿಸುವುದು ಸಲ್ಲದು. ಉದುರಿದ್ದು ಮತ್ತು ಬೆಳೆಸಿದ್ದು ಮಾತ್ರ ಸಾಕು. ಬೀಜ ಸೇರಿಸಿದ ಕಾರ್ಡುಗಳಿಗೆ ಈಗ ಆಕರ್ಷಣೆ ಹೆಚ್ಚು. ಹರಿವೆ, ತುಳಸಿಯಂಥ ಸಣ್ಣ ಬೀಜಗಳನ್ನು ಹಸಿ ಹಾಳೆಯ ಮೇಲೆ ಉದುರಿಸಿ, ಬೇಗ ಒಣಗಿಸಿದರೆ ಅವು ಉಳಿಯುತ್ತವೆ. ತಡವಾದರೆ ಹಾಳೆಯಲ್ಲೇ ಮೊಳೆಯುತ್ತವೆ. ಹೆಸರರಿಯದ ವಿದೇಶಿ ಹೂವಿನ ಬೀಜ ಮಾತ್ರ ಬೇಡ. 19ನೇ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಭಾರತಕ್ಕೆ ತಂದ ಲಂಟಾನ ಇಂದು ಕಾಡಿನ ಕೆಳಸ್ತರವನ್ನೇ ಆವರಿಸಿಕೊಂಡಿದೆ. ಹೊರದೇಶದ ಬಂಧುಗಳಿಗೂ ಬೀಜದ ಕಾರ್ಡು ಕಳುಹಿಸಬಾರದು. ಬೀಜಗಳು ಸಸ್ಯ ಕ್ವಾರಂಟೈನ್ ನಿಯಮಕ್ಕೆ ಒಳಪಟ್ಟಿವೆ.

ಬರೆಯಬೇಕಾದದ್ದು ಕಡಿಮೆ. ವಧೂವರರ ಹೆಸರು, ದಿನಾಂಕ, ವಾರ, ಊರು, "ಆಮಂತ್ರಣ ಮುಂದೆ ಬರಲಿದೆ" ಎಂಬ ಒಂದು ಸಾಲು. ಮುಹೂರ್ತ, ಬಳಗದ ಪಟ್ಟಿ ಲಗ್ನಪತ್ರಿಕೆಗೆ ಇರಲಿ. ಮಂಟಪ ಗೊತ್ತಾಗುವ ಮೊದಲು ಕಾರ್ಡು ಬರೆದರೆ ತಿದ್ದುವ ಕೆಲಸ ಬೀಳುತ್ತದೆ. ಅಕ್ಷರ ದುಂಡಗಿರುವ ಮಗುವಿಗೋ ಅಜ್ಜನಿಗೋ ಲೇಖನಿ ಕೊಟ್ಟರೆ, ಕಾರ್ಡು ಕೈಗೆ ಬಂದವರು ಮೊದಲು ಗುರುತಿಸುವುದು ಆ ಕೈಬರಹವನ್ನೇ.

ಕೊನೆಯದಾಗಿ ವಿದ್ಯಾರ್ಥಿಗಳಿಗೊಂದು ಪ್ರಯೋಗ. ಹೊಳಪಿನ ಕಾರ್ಡೊಂದನ್ನೂ ಮನೆಯಲ್ಲಿ ಮಾಡಿದ್ದೊಂದನ್ನೂ ಬೇರೆ ಬೇರೆ ಜಾಲರಿ ಚೀಲದಲ್ಲಿ ಕಟ್ಟಿ, ಒಂದೇ ಗೊಬ್ಬರಗುಂಡಿಯಲ್ಲಿ ಒಂದು ಗೇಣು ಆಳಕ್ಕೆ ಹೂಳಿರಿ. ಹೂಳಿದ ದಿನಾಂಕವನ್ನು ಬರೆದಿಟ್ಟು, ಮೂರು ತಿಂಗಳ ಅನಂತರ ತೆಗೆದು ನೋಡಿರಿ. ಯಾವುದರಲ್ಲಿ ಏನು ಉಳಿದಿದೆ ಎಂಬುದನ್ನು ಶಾಲೆಯ ಗೋಡೆಗೆ ಹಚ್ಚಿರಿ. ಊರಿನಲ್ಲಿ ಮುಂದಿನ ಮದುವೆ ನಿಶ್ಚಯವಾದಾಗ ಮನೆಯವರನ್ನು ಒಪ್ಪಿಸಲು ಆ ಎರಡು ಚೀಲಗಳೇ ಸಾಕಾಗುತ್ತವೆ.