ಮಕ್ಕಳಿಗೆ ವಾದ ಕಲಿಸೋಣ

(ಶಿಕ್ಷಕರ ಹಾಗೂ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ಕಡೆಯಿಂದ ತಾವು ಬಂದಿದ್ದೀರಿ. ಕನ್ನಡ ಶಾಲೆಯ ಮಗುವಿಗೆ ಓದು, ಬರಹ ಬಂದರೆ ಸಾಲದು, ವಾದ ಮಾಡಲೂ ಬರಬೇಕು ಎಂಬ ಒಂದೇ ಮಾತನ್ನು ನಾವು ತಮ್ಮ ಮುಂದಿಡುತ್ತೇವೆ.

"ಮೊದಲೇ ಹುಡುಗರು ಎದುರಾಡುತ್ತಾರೆ, ಇನ್ನು ವಾದ ಬೇರೆ ಕಲಿಸುವಿರಾ?" ಎಂದು ಹಿರಿಯರು ಕೇಳುತ್ತಾರೆ. ಎದುರಾಡುವುದು ಬೇರೆ, ವಾದ ಬೇರೆ. ಹಟಕ್ಕೆ ಕಾರಣ ಬೇಕಿಲ್ಲ, ವಾದಕ್ಕೆ ಬೇಕು. ಅಕ್ಕ ನಾಗಮ್ಮನಿಗಿಲ್ಲದ ಜನಿವಾರ ತನಗೇಕೆ ಎಂದು ಬಾಲಕ ಬಸವಣ್ಣ ಕೇಳಿದ ಕಥೆ ಬಾಗೇವಾಡಿಯ ನೆಲದ್ದು. ಆ ಕಥೆಯಲ್ಲಿ ಬೈಗುಳವಿಲ್ಲ, ಕಾರಣವಿದೆ. ಜಯಂತಿಯ ದಿನ ಅದನ್ನು ಕೊಂಡಾಡಿ, ಮರುದಿನ ತರಗತಿಯಲ್ಲಿ "ಬಾಯಿ ಮುಚ್ಚು" ಎನ್ನುವುದು ಯಾವ ನ್ಯಾಯ?

ಕಲಿಸುವುದು ಹೇಗೆ? ಹೊಸ ಪುಸ್ತಕ ಬೇಕಿಲ್ಲ. ನಾಲ್ಕನೆಯ ಇಯತ್ತೆಯ ಮಕ್ಕಳ ಮುಂದೆ ಅವರದೇ ಪ್ರಶ್ನೆ ಇಡಿರಿ: ಸಂತೆಯ ದಿನ ಶಾಲೆಗೆ ಸೂಟಿ ಕೊಡಬೇಕೇ? "ಬೇಕು" ಎಂದವಳನ್ನು "ಯಾಕೆ?" ಎಂದು ಕೇಳಿರಿ. "ಅವ್ವ ಸಂತಿಗಿ ಹೋಗ್ತಾಳ್ರಿ, ಕೂಸು ನಾನೇ ನೋಡಬೇಕ್ರಿ" ಎಂದಾಳು. ಅದು ಕಾರಣ. ಎಷ್ಟು ಮಂದಿಗೆ ಹೀಗಿದೆ? ಕೈ ಎತ್ತಿಸಿ ಎಣಿಸಿರಿ. ಅದು ಆಧಾರ. ಇನ್ನೊಬ್ಬನು, "ವಾರಕ್ಕೊಂದು ದಿನ ಪಾಠ ಹೋದ್ರ ಹೆಂಗ್ರಿ?" ಎಂದಾನು. ಉತ್ತರ ಕೊಡುವ ಮೊದಲು ಅವಳು ಅವನ ಮಾತನ್ನು ತನ್ನ ಬಾಯಿಂದ ಹೇಳಬೇಕು. ಅವನು "ಹೌದು, ನಾ ಅಂದದ್ದು ಇದನ್ನ" ಎಂದು ಒಪ್ಪಬೇಕು. ಬಳಿಕ ಪಕ್ಷ ಬದಲಿಸಿರಿ. ಕಡೆಗೆ ಐದು ವಾಕ್ಯ ಬರೆಯಿಸಿರಿ. ಬಿಟ್ಟ ಸ್ಥಳ ತುಂಬಲಷ್ಟೇ ಕಲಿತ 'ಏಕೆಂದರೆ', 'ಆದರೆ', 'ಹಾಗಿದ್ದರೂ', 'ಆದ್ದರಿಂದ' ಆಗ ಕೆಲಸಕ್ಕೆ ಬರುತ್ತವೆ. ಮಾತು ಊರ ಭಾಷೆಯಲ್ಲೇ ಇರಲಿ, ತಿದ್ದುವುದು ಬರಹದಲ್ಲಿ.

ವಕೀಲರ ಮಗು ಇದನ್ನು ಮನೆಯಲ್ಲೇ ಕಲಿತೀತು. ಕೂಲಿಕಾರರ ಮಗುವಿಗೆ ಶಾಲೆಯೊಂದೇ ಗತಿ. ನಮ್ಮ ಭಾಗದಲ್ಲೇ ನೋಡಿರಿ. 1964ರಲ್ಲಿ ಆಲಮಟ್ಟಿಯ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು. ಮುಂದೆ ಊರುಗಳು ಮುಳುಗಿದವು. ಹೊಲ ಕಳಕೊಂಡವರ ದುಃಖಕ್ಕೆ ಕೊರತೆಯಿರಲಿಲ್ಲ. ಆದರೆ ಕಚೇರಿಯ ಮೇಜಿನ ಮೇಲೆ ದುಃಖ ನಡೆಯುವುದಿಲ್ಲ. ಕಾರಣ, ಲೆಕ್ಕ, ಕಾಗದ ನಡೆಯುತ್ತವೆ. ಅಲ್ಲಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256ಕ್ಕೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ಯಾರ ಹೊಲ ಹೋಗಬೇಕು, ಯಾರಿಗೆ ನೀರು, ಎಷ್ಟು ಪರಿಹಾರ ಎಂಬ ಪ್ರಶ್ನೆಗಳು ಈ ಮಕ್ಕಳ ಪಾಲಿಗೂ ಬರುವಂಥವು. ಆಗ ಅವರ ಪರವಾಗಿ ಮಾತಾಡುವವರು ಯಾರು? ದಲ್ಲಾಳಿಗಳೇ?

2009ರ ಶಿಕ್ಷಣ ಹಕ್ಕು ಕಾಯಿದೆಯ 29ನೆಯ ಕಲಮು ಮಗುವಿನ ಅಂಜಿಕೆ ಕಳೆದು, ಅದು ತನ್ನ ಅಭಿಪ್ರಾಯವನ್ನು ಮುಕ್ತವಾಗಿ ಹೇಳಲು ನೆರವಾಗಬೇಕೆನ್ನುತ್ತದೆ. ಆದ್ದರಿಂದ ನಾವು ಕೇಳುತ್ತಿರುವುದು ದಯೆಯನ್ನಲ್ಲ.

ಶಿಕ್ಷಕ ಬಂಧುಗಳೆ, ವಾರಕ್ಕೊಂದು ಕನ್ನಡ ತಾಸನ್ನು ಇದಕ್ಕೆ ಮೀಸಲಿಡಿರಿ. ಪಾಲಕರೆ, ಮನೆಯಲ್ಲಿ ಮಗು "ಯಾಕ?" ಎಂದರೆ ಗದರಿಸದೆ ಕಾರಣ ಕೊಡಿರಿ. ಕೊಡಲು ಕಾರಣವಿಲ್ಲದಿದ್ದರೆ ಮಗುವಿನ ಮಾತನ್ನು ಒಪ್ಪಿಕೊಳ್ಳಿರಿ.