ಆ ಗುಂಡು ಅವರಿಗೇ ಯಾಕೆ ತಗಲುತ್ತೆ?

ಇವತ್ತು ರಾಜಕೀಯ ಬೇಡ. ಒಂದು ಗುಂಡಿನ ಕಥೆ ಹೇಳ್ತೀನಿ.

2002ರ ಮೇ ತಿಂಗಳು. ಅಮೆರಿಕದ 'ಬಫಿ ದ ವ್ಯಾಂಪೈರ್ ಸ್ಲೇಯರ್' ಧಾರಾವಾಹಿ. ರಕ್ತ ಹೀರುವ ಪಿಶಾಚಿ, ಮಾಟ-ಮಂತ್ರ ಎಲ್ಲಾ ಇರೋ ಕಥೆ. ಅದರಲ್ಲಿ ವಿಲ್ಲೋ ಮತ್ತು ತಾರಾ ಅಂತ ಇಬ್ಬರು ಹುಡುಗಿಯರು. ಇಬ್ಬರಿಗೂ ಮಂತ್ರವಿದ್ಯೆ ಗೊತ್ತು, ಇಬ್ಬರೂ ಪ್ರೇಮಿಗಳು. ಮುನಿಸಿಕೊಂಡು ದೂರ ಇದ್ದವರು ಆಗಷ್ಟೇ ಒಂದಾಗಿದ್ದಾರೆ. ಬಫಿ ಮೇಲಿನ ಸಿಟ್ಟಿಗೆ ಒಬ್ಬ ಹಾರಿಸಿದ ಗುಂಡು ಕಿಟಕಿ ತೂರಿ ಬಂದು ತಾರಾಗೆ ತಗಲುತ್ತೆ. ತಾರಾ ಪಾತ್ರದ ಆಂಬರ್ ಬೆನ್ಸನ್ ಹೆಸರು ಶುರುವಿನ ಮುಖ್ಯ ಕಲಾವಿದರ ಸಾಲಿನಲ್ಲಿ ಮೊದಲ ಸಲ ಬಂದಿದ್ದೇ ಆ ಕಂತಿನಲ್ಲಿ. ಕೊನೆಯ ಸಲವೂ ಅದೇ.

2016ರ ಮಾರ್ಚ್. 'ದ ಹಂಡ್ರೆಡ್'. ಅಣುಯುದ್ಧದಲ್ಲಿ ಸುಟ್ಟುಹೋದ ಭೂಮಿಯ ಕಥೆ. ಲೆಕ್ಸಾ ಅನ್ನೋ ಯುವ ದಂಡನಾಯಕಿ, ಅವಳ ಪ್ರೇಯಸಿ ಕ್ಲಾರ್ಕ್. ಒಂದಾದ ಸ್ವಲ್ಪ ಹೊತ್ತಿಗೇ ಕ್ಲಾರ್ಕ್‌ಗೆ ಇಟ್ಟ ಗುರಿ ತಪ್ಪಿ ಲೆಕ್ಸಾ ಸಾಯ್ತಾಳೆ.

ನಾನು ಎಂಜಿನಿಯರಿಂಗ್ ಓದಿದವನು. ಮೆಷಿನ್ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಮುರಿದರೆ ಆಕಸ್ಮಿಕ ಅಂತ ಬಿಡಲ್ಲ, ಡಿಸೈನ್ ತೆಗೆದು ನೋಡ್ತೀವಿ. ಪ್ರೇಕ್ಷಕರೂ ಅದನ್ನೇ ಮಾಡಿದ್ರು. ನಿರ್ಮಾಪಕ ಜೇಸನ್ ರೊಥೆನ್‌ಬರ್ಗ್ ಬಹಿರಂಗವಾಗಿ ಕ್ಷಮೆ ಕೇಳಬೇಕಾಯ್ತು. ಅಭಿಮಾನಿಗಳು ಬರೀ ಬೈದು ಸುಮ್ಮನಾಗಲಿಲ್ಲ. ಇಂಥ ಮಕ್ಕಳು ಆತ್ಮಹತ್ಯೆ ಮಾಡಿಕೊಳ್ಳದಂತೆ ಸಹಾಯವಾಣಿ ನಡೆಸುವ ಟ್ರೆವರ್ ಪ್ರಾಜೆಕ್ಟ್‌ಗೆ ಹಣ ಕೂಡಿಸಿಕೊಟ್ಟರು.

"ಯುದ್ಧದ ಕಥೆ ಸ್ವಾಮಿ, ಎಲ್ಲರೂ ಸಾಯ್ತಾರೆ" ಅನ್ನೋರಿದ್ದಾರೆ. ಸಾಯಲಿ. ಆದರೆ ಹತ್ತು ಗಂಡು-ಹೆಣ್ಣಿನ ಜೋಡಿಯಲ್ಲಿ ಒಂದು ಹೋದರೆ ಒಂಬತ್ತು ಉಳಿಯುತ್ತೆ. ಇವರದು ಇರೋದೇ ಒಂದು ಜೋಡಿ ಕಣ್ರಿ. ಮನೆಯಲ್ಲಿ ಬಾಯಿ ಬಿಡಲಾಗದ ಹುಡುಗಿ ಟಿವಿಯಲ್ಲಿ ತನ್ನನ್ನು ನೋಡಿಕೊಂಡಿದ್ದು ಆ ಒಂದರಲ್ಲೇ.

ಆಮೇಲೆ 2022ರಲ್ಲಿ ನಮ್ಮಲ್ಲೂ ಎಷ್ಟೋ ಜನ ಮೊಬೈಲ್‌ನಲ್ಲೇ ನೋಡಿದ 'ಹೌಸ್ ಆಫ್ ದ ಡ್ರ್ಯಾಗನ್' ಬಂತು. ಲೇನಾರ್ ಅನ್ನೋ ಶ್ರೀಮಂತ ಮನೆತನದ ಮಗ, ರಾಜಕುಮಾರಿಯ ಗಂಡ. ಮನಸ್ಸು ಮಾತ್ರ ಗಂಡಸರ ಕಡೆ. ಮದುವೆಯ ಔತಣದಲ್ಲೇ ಅವನ ಪ್ರಿಯಕರನನ್ನು ಹೊಡೆದು ಕೊಲ್ತಾರೆ. ಮತ್ತೆ ಅದೇ ಗೊಣಗಾಟ. ಜಾರ್ಜ್ ಮಾರ್ಟಿನ್ ಅವರ ಮೂಲ ಪುಸ್ತಕದಲ್ಲಿ ಲೇನಾರ್‌ನೂ ಕೊಲೆಯಾಗ್ತಾನೆ. ಧಾರಾವಾಹಿಯಲ್ಲಿ ಮಾತ್ರ ಸತ್ತಂತೆ ನಾಟಕವಾಡಿ, ತಲೆ ಬೋಳಿಸಿಕೊಂಡು, ಇನ್ನೊಬ್ಬ ಪ್ರಿಯಕರನ ಜೊತೆ ದೋಣಿ ಹತ್ತಿ ಹೋಗ್ತಾನೆ. ಜನ ಅಬ್ಬಾ ಅಂದ್ರು.

ನನಗೂ ಖುಷಿಯಾಯ್ತು, ಸುಳ್ಳು ಹೇಳಲ್ಲ. ಆದರೆ ಆ ನಾಟಕಕ್ಕೆ ಪಾಪದ ಆಳೊಬ್ಬನ ಹೆಣ ಬೇಕಾಯ್ತು. ಒಲೆಯಲ್ಲಿ ಸುಟ್ಟು ಕರಕಲಾದ ಅದನ್ನು ತಮ್ಮ ಮಗನೇ ಅಂದುಕೊಂಡು ಆ ತಾಯಿ ಕಿರುಚಿದ್ದು ಇನ್ನೂ ಕಿವಿಯಲ್ಲಿದೆ. ಬದುಕೋಕೆ ಅವನು ಹೆತ್ತವರ ಪಾಲಿಗೆ ಸಾಯಲೇಬೇಕಿತ್ತಾ?

2024ರ ಎರಡನೇ ಸೀಸನ್‌ನಲ್ಲಿ ಲೇನಾರ್‌ನ ಡ್ರ್ಯಾಗನ್ ಸೀಸ್ಮೋಕ್ ಹೊಸ ಸವಾರನನ್ನು ಆರಿಸಿಕೊಂಡಿತು. ಹಳೇ ಸವಾರ ಬದುಕಿರುವಾಗ ಡ್ರ್ಯಾಗನ್ ಇನ್ನೊಬ್ಬನನ್ನು ಬೆನ್ನಿಗೆ ಹತ್ತಿಸಿಕೊಳ್ಳಲ್ಲ ಅನ್ನೋದು ಆ ಲೋಕದ ಕಟ್ಟಳೆ. ಹಾಗಾದರೆ ದೋಣಿಯಲ್ಲಿ ಹೋದವನ ಗತಿ? ಒಂದು ದೃಶ್ಯ ಇಲ್ಲ, ಒಂದು ಮಾತಿಲ್ಲ. ಅಭಿಮಾನಿಗಳು ಇನ್ನೂ ಕೇಳ್ತಾನೇ ಇದ್ದಾರೆ.