ಘಟ್ಟದ ದಾರಿಯಲ್ಲಿ ಕಾರಿನ ವೇಗೋತ್ಕರ್ಷ



ಪುತ್ತೂರಿನಿಂದ ಸುಳ್ಯ, ಸಂಪಾಜೆಗಳನ್ನು ದಾಟಿ ಮಡಿಕೇರಿಗೆ ಏರುವ ಹೆದ್ದಾರಿಯನ್ನಾಗಲಿ, ಆ ಎರಡು ತಾಲ್ಲೂಕುಗಳ ಹಳ್ಳಿಗಳಿಂದ ಈಚೆಗೆ ರೂಪುಗೊಂಡ ಕಡಬದ ಒಳದಾರಿಗಳನ್ನಾಗಲಿ ಬಲ್ಲವರಿಗೆ ಒಂದು ಸಂಗತಿ ತಿಳಿದೇ ಇದೆ. ಅಲ್ಲಿ ನೇರವಾದ ದಾರಿ ಅಪರೂಪ. ಒಂದು ತಿರುವು ಮುಗಿಯುವಷ್ಟರಲ್ಲಿ ಇನ್ನೊಂದು. ಇಳಿದ ಕೂಡಲೆ ಏರು. ಅಂಥ ಕಡೆ ಕಾರಿನ ಪರಮಾವಧಿ ವೇಗ ಎಷ್ಟೆಂಬುದು ಮುಖ್ಯವಲ್ಲ. ಬೇಕಾದ ವೇಗಕ್ಕೆ ಅದು ಎಷ್ಟು ಹೊತ್ತಿನಲ್ಲಿ ಬರುವುದೆಂಬುದು ಮುಖ್ಯ. ಇದನ್ನೇ ಭೌತಶಾಸ್ತ್ರದಲ್ಲಿ ವೇಗೋತ್ಕರ್ಷವೆನ್ನುವರು.

ಒಂದು ಮಳೆಗಾಲದ ರಾತ್ರಿ ನಾವು ನಮ್ಮ ಭಾವನವರೊಡನೆ, ಉಬ್ಬಸದಿಂದ ಬಳಲುತ್ತಿದ್ದ ಅವರ ತಾಯಿಯವರನ್ನು ಕಡಬದ ಕಡೆಯಿಂದ ಪುತ್ತೂರಿಗೆ ಕರೆದುಕೊಂಡು ಹೊರಟಿದ್ದೆವು. ಮುಂದೆ ಮರದ ದಿಮ್ಮಿ ತುಂಬಿದ ಲಾರಿಯೊಂದು ತೆವಳುತ್ತಿತ್ತು. ದಾರಿ ತುಸು ತೆರೆದು ಕಂಡಾಗ ಭಾವನವರು ಕಾರನ್ನು ಬಲಕ್ಕೆ ತಿರುಗಿಸಿ ಪೆಡಲನ್ನು ಪೂರ್ತಿ ತುಳಿದರು. ಎಂಜಿನು ಗರ್ಜಿಸಿತು, ಕಾರು ಮಾತ್ರ ಮುಂದಾಗಲಿಲ್ಲ. ಎದುರಿನ ತಿರುವಿನಲ್ಲಿ ಬಸ್ಸಿನ ದೀಪ ಕಂಡಿತು. ಮತ್ತೆ ಲಾರಿಯ ಹಿಂದೆ ಸೇರಿಕೊಳ್ಳುವಷ್ಟರಲ್ಲಿ ನಮ್ಮೆಲ್ಲರ ಉಸಿರೂ ನಿಂತಂತಾಯಿತು. ಅಮ್ಮನವರು ಆಸ್ಪತ್ರೆ ಸೇರಿ ಗುಣಹೊಂದಿದರು. ಮನೆಗೆ ಮರಳಿದ ಮೇಲೆ ಭಾವನವರು ಕೇಳಿದರು: “ಭಾವ, ಇದಕ್ಕೊಂದು ಟರ್ಬೋ ಕೂರಿಸಿದರೆ ಹೇಗೆ?”

ಎಂಜಿನು ಉಸಿರಾಡುವ ಯಂತ್ರ. 1 ಕಿಲೋ ಪೆಟ್ರೋಲು ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಹೊರಹೋಗುವ ಹೊಗೆಯ ಬಲದಿಂದಲೇ ಒಂದು ಚಕ್ರವನ್ನು ತಿರುಗಿಸಿ, ಆ ಚಕ್ರದಿಂದ ಹೆಚ್ಚು ಗಾಳಿಯನ್ನು ಒಳಗೆ ಒತ್ತುವುದೇ ಟರ್ಬೋ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿಯವರು ಇದಕ್ಕೆ 1905ರಲ್ಲಿ ಹಕ್ಕುಪತ್ರ ಪಡೆದರು. ಆದರೆ ಅಧಿಕ ಒತ್ತಡಕ್ಕೆಂದು ರಚಿಸದ ಎಂಜಿನಿಗೆ ಅದನ್ನು ಜೋಡಿಸಿದರೆ ಪಿಸ್ಟನ್ನು, ಬೇರಿಂಗು, ತಂಪುಗೊಳಿಸುವ ಏರ್ಪಾಡು ಎಲ್ಲವೂ ಇಕ್ಕಟ್ಟಿಗೆ ಸಿಕ್ಕುವುವು. ಮೇಲಾಗಿ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಾಹನವನ್ನು ಮನಬಂದಂತೆ ಮಾರ್ಪಡಿಸುವುದಕ್ಕೆ ಕಟ್ಟುಹಾಕಿದೆ. ಆದಕಾರಣ, ಇರುವ ಶಕ್ತಿ ಎಲ್ಲಿ ಸೋರಿಹೋಗುತ್ತಿದೆಯೆಂದು ಮೊದಲು ನೋಡುವುದು ಲೇಸು.

ಒಂದು ಸಣ್ಣ ಲೆಕ್ಕ ಮಾಡೋಣ. ಜನವೂ ಸಾಮಾನೂ ಸೇರಿ 1,200 ಕಿಲೋ ತೂಗುವ ಕಾರು ಗಂಟೆಗೆ 36 ಕಿಲೋಮೀಟರಿನಿಂದ 72 ಕಿಲೋಮೀಟರಿಗೆ 10 ಸೆಕೆಂಡಿನಲ್ಲಿ ಬರಬೇಕಾದರೆ, ಸಮತಲದಲ್ಲಿ ಸುಮಾರು 24 ಅಶ್ವಶಕ್ತಿ ವೇಗೋತ್ಕರ್ಷಕ್ಕೆಂದೇ ಬೇಕು. ಇಪ್ಪತ್ತು ಅಡಿಗೆ ಒಂದಡಿ ಏರುವ ದಾರಿಯಾದರೆ ಇನ್ನೂ 12. ಈ ಲೆಕ್ಕದಲ್ಲಿ ಗಾಳಿಯ ತಡೆ, ಟೈರಿನ ತಡೆಗಳು ಸೇರಿಲ್ಲ. ಈಗ ಆ ಕಾರಿನಿಂದ 100 ಕಿಲೋ ಇಳಿಸಿದೆವೆನ್ನಿ. ತೂಕ ಹನ್ನೆರಡರಲ್ಲಿ ಒಂದು ಪಾಲು ಕುಗ್ಗಿ, 3 ಅಶ್ವಶಕ್ತಿ ಕಾಸಿಲ್ಲದೆ ದೊರೆಯಿತು.

ಭಾವನವರ ಕಾರಿನ ಡಿಕ್ಕಿಯನ್ನು ತೆರೆದಾಗ ತೋಟಕ್ಕೆಂದು ತಂದು ಮರೆತ ಎರಡು ಮೂಟೆ ಗೊಬ್ಬರ ಅಲ್ಲಿಯೇ ಇದ್ದುವು. ಮೇಲ್ಗಡೆ ವರ್ಷವಿಡೀ ಬಿಚ್ಚದ ಕ್ಯಾರಿಯರು. ಗಾಳಿ ಸೋಸುವ ಫಿಲ್ಟರನ್ನು ತೆಗೆದರೆ, ಬೇಸಗೆಯಲ್ಲಿ ಕುಡಿದ ಕೆಮ್ಮಣ್ಣಿನ ಧೂಳು ಅದರ ಮಡಿಕೆಗಳಲ್ಲಿ ಗಟ್ಟಿಯಾಗಿ ಕೂತಿತ್ತು. ಫಿಲ್ಟರನ್ನೇ ತೆಗೆದೆಸೆದರೆ ಉಸಿರು ಸರಾಗವಾದೀತೆಂದು ಕೆಲವರು ಹೇಳುವುದುಂಟು. ಹಾಗೆ ಮಾಡಿದಲ್ಲಿ ಆ ಧೂಳೇ ಸಿಲಿಂಡರನ್ನು ಅರೆದುಬಿಡುವುದು; ಹೊಸದನ್ನು ಹಾಕುವುದೇ ಸರಿ.

ಅಂದು ತುಸು ದೂರ ಓಡಿಸಿ ನಿಲ್ಲಿಸಿ ಚಕ್ರಗಳ ಬಳಿ ಕೈ ಹಿಡಿದು ನೋಡಿದೆವು. ಹಿಂದಿನ ಒಂದು ಚಕ್ರ ಮಿಕ್ಕವುಗಳಿಗಿಂತ ಬಿಸಿಯಾಗಿತ್ತು. ಬ್ರೇಕು ಬಿಡದೆ ಹಿಡಿಯುತ್ತಿದೆಯೆಂಬುದಕ್ಕೆ ಇದೇ ಸಾಕ್ಷಿ. ಎಂಜಿನಿನ ಸುತ್ತು ಏರಿದರೂ ಕಾರು ಏರದಿದ್ದರೆ ಕ್ಲಚ್ಚು ಜಾರುತ್ತಿದೆಯೆಂದು ತಿಳಿಯತಕ್ಕದ್ದು. ಸವೆದ ಸ್ಪಾರ್ಕ್ ಪ್ಲಗ್ಗು, ಗಾಳಿ ಕಡಮೆಯಾದ ಟೈರು, ಇವೂ ಗುಟ್ಟಾಗಿ ಶಕ್ತಿಯನ್ನು ಕದಿಯುವುವು. ಅಂದಕ್ಕೆಂದು ದೊಡ್ಡ ಟೈರು ಹಾಕಿಸುವವರು ಒಂದನ್ನು ನೆನೆಯಬೇಕು: ಚಕ್ರದ ಅಡ್ಡಳತೆ ಹತ್ತರಲ್ಲೊಂದು ಪಾಲು ಹೆಚ್ಚಿದರೆ, ನೆಲವನ್ನು ತಳ್ಳುವ ಬಲ ಹೆಚ್ಚುಕಡಮೆ ಅಷ್ಟೇ ತಗ್ಗುತ್ತದೆ. ಗಟ್ಟಿಯಾಗಿ ಕೂಗುವ ಹೊಗೆಕೊಳವೆಯಿಂದ ಹೆಚ್ಚುವುದು ಬಹುಮಟ್ಟಿಗೆ ಸದ್ದು. ಎಂಜಿನು ಬೇಡದಿದ್ದರೂ ದುಬಾರಿ ಪೆಟ್ರೋಲು ಹಾಕಿದರೆ ತೆಳ್ಳಗಾಗುವುದು ಜೇಬು.

ಎಲ್ಲಕ್ಕೂ ಮಿಗಿಲಾದ ಉಪಾಯ ಗೇರು. ಕೆಳಗಿನ ಗೇರು ಚಕ್ರಕ್ಕೆ ಹೆಚ್ಚು ಬಲ ಕೊಡುವುದಲ್ಲದೆ, ಎಂಜಿನನ್ನು ಅದರ ಶಕ್ತಿ ತುಂಬಿರುವ ಸುತ್ತಿಗೆ ಏರಿಸುತ್ತದೆ. ಮುಂದೆ ಹೋಗುವ ಮೊದಲೇ ಗೇರು ಇಳಿಸಬೇಕು. ಬಲಕ್ಕೆ ಹೊರಟ ಮೇಲೆ ತಡಕಾಡಬಾರದು. ಆ ರಾತ್ರಿ ಭಾವನವರು ನಾಲ್ಕನೆಯ ಗೇರಿನಲ್ಲಿದ್ದರು. ಇನ್ನೊಂದು ಮಾತು: ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಗಾಳಿ ಕಡಲ ತೀರಕ್ಕಿಂತ ಹತ್ತರಲ್ಲೊಂದು ಪಾಲು ತೆಳು. ಟರ್ಬೋ ಇಲ್ಲದ ಎಂಜಿನಿನ ಶಕ್ತಿಯೂ ಅಲ್ಲಿ ಸುಮಾರಾಗಿ ಅಷ್ಟೇ ಕುಂದುವುದು. ಅದು ಕಾರಿನ ದೋಷವಲ್ಲ.

ಇವೆಲ್ಲವನ್ನೂ ಸರಿಪಡಿಸಿ, ನಿರ್ಜನವಾದ ನೇರ ದಾರಿಯಲ್ಲಿ ಗಡಿಯಾರ ಹಿಡಿದು ನೋಡಿದೆವು. ಮೊದಲಿಗಿಂತ ಮೂರು ಸೆಕೆಂಡು ಉಳಿದಿತ್ತು. ಮೂರು ಸೆಕೆಂಡೆಂದರೆ ಅಲ್ಪವೆನ್ನಬೇಡಿ. ಗಂಟೆಗೆ 50 ಕಿಲೋಮೀಟರಿನ ಓಟದಲ್ಲಿ ಅದು 40 ಮೀಟರಿಗೂ ಮಿಕ್ಕ ದಾರಿ; ಎದುರಿನವರ ಪಾಲಿನ ದಾರಿಯಲ್ಲಿ ನಾವು ಇರಬೇಕಾದ ಹೊತ್ತು ಅಷ್ಟು ಕಡಮೆಯಾಯಿತು.

ಆದರೂ ಸುಧಾರಿಸಿದ ಕಾರು ತಿರುವಿನ ಆಚೆಗೆ ಏನಿದೆಯೆಂದು ತೋರಿಸಲಾರದು. ದಾರಿ ಕಾಣದಿದ್ದರೆ ಯಾವ ಅಶ್ವಶಕ್ತಿಯೂ ಸಾಲದು. ಲಾರಿಯ ಹಿಂದೆ ಸಾಗುವ ಸಹನೆಯೇ ಬೇಕು. ಈಗ ಭಾವನವರು ಟರ್ಬೋ ಮಾತೆತ್ತುವುದಿಲ್ಲ. ಹೊರಡುವ ಮುನ್ನ ಡಿಕ್ಕಿ ತೆರೆದು ನೋಡುತ್ತಾರೆ. ಹಿಂದಿನ ಸೀಟಿನಿಂದ ಅಮ್ಮನವರು “ನಿಧಾನ ಮಗಾ” ಎಂದರೆ, ಹೂಂಗುಟ್ಟಿ ಗೇರು ಇಳಿಸುತ್ತಾರೆ.